ವಿಮಾನ ಹತ್ತುವ ಮುನ್ನ ಪಹಣಿ ನೋಡಿ!

ಊರಿಗೆ ವಾಪಸ್ಸಾಗುವ ಪರದೇಶವಾಸಿಗಳು ತಿಳಿಯಬೇಕಾದ ಸಂಗತಿಗಳು

ಮಂಡ್ಯ: ಹೊರದೇಶಕ್ಕೆ ಹೋಗುವವನಿಗೆ ಊರೆಲ್ಲಾ ಸೇರಿ ಹಾರ ಹಾಕುತ್ತದೆ. ವಾಪಸ್ಸು ಬರುವವನಿಗೆ ಊರೆಲ್ಲಾ ಸೇರಿ ಒಂದು ಪ್ರಶ್ನೆ ಹಾಕುತ್ತದೆ: "ಯಾಕಪ್ಪಾ, ಅಲ್ಲೇನಾಯ್ತು?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. 1962ರಲ್ಲಿ ಕೆ.ವಿ. ಶಂಕರಗೌಡರ ಮುಂದಾಳುತನದಲ್ಲಿ ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕಬ್ಬು ಕಡಿಯುವವರ ಮಕ್ಕಳು, ಗಾಡಿ ಹೊಡೆಯುವವರ ಮಕ್ಕಳು ಇಂಜಿನಿಯರುಗಳಾದರು. ಮೊದಲು ಬೆಂಗಳೂರು, ಆಮೇಲೆ ಅಮೆರಿಕ ಎಂಬ ದಾರಿ ಹಳ್ಳಿಹಳ್ಳಿಗೂ ತೆರೆಯಿತು. ಕೊಲ್ಲಿ ದೇಶಗಳಿಗೆ ಡ್ರೈವರ್, ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹೋದವರ ದಾರಿಯೇ ಬೇರೆ. ಹೋದ ದಾರಿ ಯಾವುದಾದರೂ ಬರುವ ದಾರಿ ಮಾತ್ರ ಒಂದೇ. ಅದು ತಾಲ್ಲೂಕು ಕಚೇರಿಯ ಮುಂದೆಯೇ ಹಾದುಹೋಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಈಚೆಗೆ ವಾಪಸಾತಿಯ ಮಾತು ಹೆಚ್ಚಾಗಲು ಕಾರಣಗಳಿವೆ. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ಕೆಲಸ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಈ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಗ್ರೀನ್ ಕಾರ್ಡಿನಲ್ಲಿ ಯಾವುದೇ ಒಂದು ದೇಶಕ್ಕೆ ವರ್ಷಕ್ಕೆ ಶೇ. 7ರ ಮಿತಿಯಿರುವುದರಿಂದ ನಮ್ಮವರ ಸರದಿ ಹನುಮಂತನ ಬಾಲವಾಗಿದೆ. ಇನ್ನು ಕೊಲ್ಲಿ ದೇಶಗಳಲ್ಲಿ ಎಷ್ಟು ವರ್ಷ ದುಡಿದರೂ ಕೂಲಿಯವನಿಗೆ ಪೌರತ್ವದ ಮಾತೇ ಇಲ್ಲ. ಅಲ್ಲಿಗೆ ಹೋದವನು ಒಂದು ದಿನ ಬರಲೇಬೇಕು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಹಟ್ಟಿಯ ಜಗುಲಿಯ ಮೇಲೆ ಕುಳಿತಿರುತ್ತದೆ. ಅದು ಎಪ್ಪತ್ತು ದಾಟಿದ ತಾಯಿ ಅಥವಾ ತಂದೆ. "ಸತ್ ಮ್ಯಾಲೆ ಬಂದು ಮಣ್ ಹಾಕುದ್ರೆ ಏನ್ ಬಂತು ಮಗಾ, ಇರೋವಾಗ ಬಾ" ಎಂಬ ಮಾತಿನ ಮುಂದೆ ಯಾವ ಡಾಲರೂ ನಿಲ್ಲದು. ಅವಸರದಲ್ಲಿ ಹೊರಟುಬಂದವರು ಆಮೇಲೆ ಪಡುವ ಪಾಡು ಮಾತ್ರ ಯಾರಿಗೂ ಬೇಡ.

ತಾತನ ಹೆಸರಲ್ಲೇ ಜಮೀನು

ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಇದು. ತಾತ ಸತ್ತು ಮೂವತ್ತು ವರ್ಷ, ಅಪ್ಪ ಸತ್ತು ಹತ್ತು ವರ್ಷ. ಪಹಣಿಯ 9ನೇ ಕಲಂನಲ್ಲಿ ಇನ್ನೂ ತಾತನೇ ಮಾಲೀಕ! ಅಮೆರಿಕದಲ್ಲಿರುವ ಮಗ ಮಾತ್ರ 'ಊರಲ್ಲಿ ನಮ್ಮದು ಮೂರೆಕರೆ ಗದ್ದೆ ಇದೆ' ಎಂದು ಗೆಳೆಯರ ಬಳಿ ಹೇಳಿಕೊಳ್ಳುತ್ತಿರುತ್ತಾನೆ.

ಹೊರಡಲು ಒಂದು ವರ್ಷ ಇರುವಾಗಲೇ ಮಾಡಬೇಕಾದ ಮೊದಲ ಕೆಲಸ ಪಹಣಿ ತೆಗೆದು ನೋಡುವುದು. ಭೂಮಿ ಯೋಜನೆಯಿಂದಾಗಿ ಅದನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತೇ ಕಂಪ್ಯೂಟರಿನಲ್ಲಿ ನೋಡಬಹುದು. 9ನೇ ಕಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು-ಋಣಗಳು. ಯಾರದೋ ಸಾಲಕ್ಕೆ ಜಮೀನು ಅಡಮಾನವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವನ್ನೂ ತೆಗೆಸುವುದು ಒಳ್ಳೆಯದು.

ಖಾತೆ ಸತ್ತವರ ಹೆಸರಿನಲ್ಲಿದ್ದರೆ ಪೌತಿ ಖಾತೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವ ಚಾಳಿ ಇನ್ನೂ ಹೋಗಿಲ್ಲ. ಇದು ಬಲು ಅಪಾಯದ ಕೆಲಸ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂಬುದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲೇ ಆಗಿದೆ. 2005ರಲ್ಲಿ ತಂದೆ ಬದುಕಿರದಿದ್ದರೂ ಆ ಹಕ್ಕು ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೊಟ್ಟ ಹೆಣ್ಣು ಎಂದು ಅಕ್ಕನ ಹೆಸರು ಬಿಟ್ಟು ಖಾತೆ ಮಾಡಿಸಿದವನು ನಾಳೆ ಅಕ್ಕನ ಎದುರೇ ಕೋರ್ಟಿನ ಕಟ್ಟೆ ಹತ್ತಬೇಕಾದೀತು.

ಉಳುತ್ತಿರುವ ತಮ್ಮನ ಮಾತೇನು?

ಕಾಗದ ಸರಿಹೋಗಬಹುದು. ಮನಸ್ಸು ಸರಿಹೋಗುವುದು ಕಷ್ಟ. ಅಣ್ಣ ಹೊರದೇಶದಲ್ಲಿದ್ದ ಇಪ್ಪತ್ತು ವರ್ಷವೂ ಊರಲ್ಲಿದ್ದು ನಾಲೆ ನೀರಿಗೆ ರಾತ್ರಿ ಕಾವಲು ಕಾದವನು ತಮ್ಮ. ಅಪ್ಪನನ್ನು ಆಸ್ಪತ್ರೆಗೆ ಹೊತ್ತವನು ಅವನು, ಅವ್ವನಿಗೆ ನೀರು ಕಾಯಿಸಿಕೊಟ್ಟವಳು ಅವನ ಹೆಂಡತಿ. ಅಣ್ಣ ಬಂದು ಪಾಲು ಕೇಳಿದ ದಿನ "ಇಷ್ಟು ದಿನ ಇಲ್ಲದ ಪಾಲು ಇವತ್ತೆಲ್ಲಿಂದ ಬಂತಣ್ಣಾ?" ಎಂದರೆ ಅದು ದುರಾಸೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಕಾನೂನು ಅಣ್ಣನ ಕಡೆಗಿರಬಹುದು, ಬೆವರು ತಮ್ಮನ ಕಡೆಗಿದೆ.

ಜಮೀನನ್ನು ಹೊರಗಿನವರಿಗೆ ಬಿಟ್ಟವರ ಕಥೆ ಬೇರೆ. 1974ರ ಭೂಸುಧಾರಣೆಯ ನಂತರ ಕೃಷಿ ಭೂಮಿಯನ್ನು ಗೇಣಿಗೆ ಕೊಡಲು ಕಾನೂನಿನ ಒಪ್ಪಿಗೆಯಿಲ್ಲ. ಹಾಗಾಗಿ ವಾರಕ್ಕೆ ಕೊಡುವುದೆಲ್ಲಾ ಬಾಯಿಮಾತಿನ ವ್ಯವಹಾರ. ಬಿಡಿಸಿಕೊಳ್ಳುವುದೂ ಬಾಯಿಮಾತಿನಲ್ಲೇ ಆಗಬೇಕು. ನಾಟಿ ಹಾಕಿದ ಮೇಲೆ, ಕಬ್ಬಿನ ಕೂಳೆ ಚಿಗುರಿದ ಮೇಲೆ ಬಂದು 'ಬಿಡು' ಎಂದರೆ ಯಾರು ಬಿಟ್ಟಾರು? ಕಬ್ಬಿನ ಬೆಳೆ ಎಂದರೆ ಒಂದು ವರ್ಷದ ಲೆಕ್ಕ. ಆದ್ದರಿಂದ ಕಟಾವಿಗೆ ಮುಂಚೆಯೇ ತಿಳಿಸುವುದು ಮರ್ಯಾದೆಯ ಮಾರ್ಗ.

ಬರಲಾಗದವರು ನಂಬಿಗಸ್ತರಿಗೆ ಅಧಿಕಾರ ಪತ್ರ ಕೊಡುವುದುಂಟು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಅದು ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಪೆಟ್ಟಿಗೆಯಲ್ಲಿಟ್ಟು ಮರೆತರೆ ಕೆಲಸಕ್ಕೆ ಬರುವುದಿಲ್ಲ. 'ಎಲ್ಲಾ ಅಧಿಕಾರ' ಎಂದು ಬರೆಯುವ ಬದಲು ಯಾವ ಸರ್ವೆ ನಂಬರು, ಯಾವ ಕೆಲಸ ಎಂದು ಬಿಡಿಸಿ ಬರೆದರೆ ಇಬ್ಬರಿಗೂ ಕ್ಷೇಮ.

ಪಾಸ್‌ಪೋರ್ಟ್ ಬದಲಾದವರಿಗೆ ಗದ್ದೆ ಇಲ್ಲ!

ಬಹಳ ಜನ ತಿಳಿಯದೆ ಮುಗ್ಗರಿಸುವುದು ಇಲ್ಲಿ. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಆದರೆ ಅದು ಇಲ್ಲಿನ ಮಾತು. ಅನಿವಾಸಿಯಾಗಿರುವವರೆಗೆ ಕೇಂದ್ರದ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಅಮೆರಿಕದ ಪೌರತ್ವ ಪಡೆದು ಓಸಿಐ ಕಾರ್ಡು ಹಿಡಿದವರಿಗೂ ಇದೇ ತಡೆ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ನಿವೃತ್ತಿಯ ಹಣದಲ್ಲಿ ಶಿಂಷಾ ದಂಡೆಯಲ್ಲಿ ನಾಲ್ಕೆಕರೆ ಕೊಳ್ಳುವ ಕನಸಿದ್ದವರು ಮೊದಲು ತಮ್ಮ ಪಾಸ್‌ಪೋರ್ಟಿನ ಬಣ್ಣ ನೋಡಿಕೊಳ್ಳಲಿ.

ನಮ್ಮ ಸಂವಿಧಾನ ಎರಡು ಪೌರತ್ವ ಒಪ್ಪುವುದಿಲ್ಲ. ಓಸಿಐ ಕಾರ್ಡಿದ್ದವರು ಇಲ್ಲಿ ಜೀವನಪೂರ್ತಿ ಇರಬಹುದು, ಆದರೆ ಓಟಿಲ್ಲ. ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಹುಟ್ಟಿದ ಮಗುವಿಗೆ ಇಲ್ಲಿ ಡಾಕ್ಟರ್ ಓದಿಸಬೇಕೆಂದರೆ, 2021ರ ಮಾರ್ಚ್ 4ರ ಕೇಂದ್ರ ಅಧಿಸೂಚನೆಯಂತೆ ಓಸಿಐ ವಿದ್ಯಾರ್ಥಿಗಳಿಗೆ ಅನಿವಾಸಿ ಕೋಟಾ ಇತ್ಯಾದಿ ಸೀಟು ಮಾತ್ರ. ಅದಕ್ಕೆ ಮುಂಚೆ ಕಾರ್ಡು ಪಡೆದವರಿಗೆ ಈ ತಡೆ ಹತ್ತುವುದಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಶಾಲೆಗೆ ಸೇರಿಸುವವರು ಇನ್ನೊಂದು ವಿಷಯ ನೆನಪಿಡಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆ ಶಾಲೆಗಳಲ್ಲಿ ಕನ್ನಡವನ್ನು ಒಂದನೇ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕೆನ್ನುತ್ತದೆ. 'ಅಜ್ಜಿ' ಎಂದು ಬರೆಯಲು ಬಾರದ ಹುಡುಗ ಆರನೇ ಕ್ಲಾಸಿಗೆ ಬಂದು ಕೂತರೆ ಅವನ ಗತಿ? ಒಂದು ವರ್ಷ ಮುಂಚೆಯೇ ಮನೆಯಲ್ಲಿ ಕಾಗುಣಿತ ಶುರುವಾಗಲಿ.

ಹಣದ ಗಂಟು ಬಿಚ್ಚುವ ಮುನ್ನ

"ದುಡ್ಡಿನ ಮೂಟೆ ತಂದವ್ನೆ ಕಣ್ಲಾ" ಎಂದು ಊರು ಮಾತಾಡಿಕೊಳ್ಳುತ್ತದೆ. ಮೂಟೆಯ ಲೆಕ್ಕ ಕೇಳುವವರು ಬೇರೆ ಇದ್ದಾರೆ. ನೆಲೆಸಲೆಂದು ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಗೆ ಬದಲಿಸಬೇಕು, ಇಲ್ಲವೇ ವಿದೇಶಿ ಹಣದಲ್ಲೇ ಇಡಲು ಆರ್‌ಎಫ್‌ಸಿ ಖಾತೆ ತೆರೆಯಬೇಕು. ಎಫ್‌ಸಿಎನ್‌ಆರ್ ಠೇವಣಿ ವಾಯಿದೆ ಮುಗಿಯುವವರೆಗೆ ಮುಂದುವರಿಯಬಹುದು.

ಬಹುಕಾಲ ಹೊರಗಿದ್ದು ಬಂದವರಿಗೆ ಆದಾಯ ತೆರಿಗೆಯಲ್ಲಿ ಒಂದು ರಿಯಾಯಿತಿಯಿದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಭಾರತದಲ್ಲಿ 729 ದಿನ ಮೀರದವರಿಗೆ, ಹೊರದೇಶದಲ್ಲೇ ಹುಟ್ಟಿದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಈ ಸವಲತ್ತು ಎರಡು-ಮೂರು ವರ್ಷದ್ದು. ಅದು ಮುಗಿದ ಮೇಲೆ ಅಲ್ಲಿನ ಖಾತೆ, ಷೇರು, ಮನೆ ಎಲ್ಲವನ್ನೂ ರಿಟರ್ನಿನಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯಿದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಒಂದು ವರ್ಷಕ್ಕೆ ಮೇಲ್ಪಟ್ಟು ಹೊರಗಿದ್ದವರು ಸುಂಕವಿಲ್ಲದೆ ತರಬಹುದಾದ ಒಡವೆ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ. ಆರೋಗ್ಯ ವಿಮೆಯನ್ನೂ ಮರೆಯಬಾರದು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ವಿಮಾ ಕಂಪನಿ 36 ತಿಂಗಳವರೆಗೆ ಕಾಯಿಸಬಹುದು. ಬಂದು ಮಲಗಿದ ಮೇಲೆ ಪಾಲಿಸಿ ಮಾಡಿಸುವುದೆಂದರೆ ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ.

ಬಂದು ನಿಂತವರು

ಬಂದವರೆಲ್ಲಾ ಸೋತರೆಂದು ಹೇಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಮಧುಚಂದನ್ 2014ರಲ್ಲಿ ಮಂಡ್ಯಕ್ಕೆ ಮರಳಿದರು. ಸಾವಯವ ರೈತರನ್ನು ಸಹಕಾರ ಸಂಘದಲ್ಲಿ ಸೇರಿಸಿ, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 'ಆರ್ಗ್ಯಾನಿಕ್ ಮಂಡ್ಯ' ಅಂಗಡಿ ತೆರೆದರು. ಅವರು ಮೊದಲು ಹುಡುಕಿದ್ದು ಬೆಳೆಯುವ ವಿದ್ಯೆಯನ್ನಲ್ಲ, ಬೆಳೆದದ್ದನ್ನು ಮಾರುವ ದಾರಿಯನ್ನು ಎಂಬುದು ಗಮನಾರ್ಹ.

ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದ ದರ್ಶನ್ ಪುಟ್ಟಣ್ಣಯ್ಯ ತಂದೆ, ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು 2018ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಮೇಲುಕೋಟೆಯಲ್ಲಿ ಚುನಾವಣೆಗೆ ನಿಂತು ಸೋತರು. 2023ರಲ್ಲಿ ಗೆದ್ದರು. ನಡುವೆ ಐದು ವರ್ಷ. ಊರು ಯಾರನ್ನೂ ಒಂದೇ ದಿನಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಬಿಟ್ಟುಹೋದ ಊರಲ್ಲ ಇದು

ಹೋದವನ ಕಣ್ಣಲ್ಲಿ ಊರು ಅವನು ಹೋದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಊರು ಮಾತ್ರ ಕಾಯುವುದಿಲ್ಲ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಮದ್ದೂರು, ಮಂಡ್ಯ ಪೇಟೆಗಳನ್ನು ಪಕ್ಕಕ್ಕೆ ಸರಿಸಿದೆ. ಅದೇ ವರ್ಷ ಆಗಸ್ಟ್ 1ರಿಂದ ಆ ರಸ್ತೆಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಮದ್ದೂರು ವಡೆಗಾಗಿ ಕಾರು ನಿಲ್ಲಿಸುತ್ತಿದ್ದವರು ಈಗ ಮೇಲಿಂದ ಮೇಲೇ ಹೋಗುತ್ತಾರೆ. 1933ರ ಮೈಷುಗರ್ ಕಾರ್ಖಾನೆ ವರ್ಷಗಟ್ಟಲೆ ನಿಂತಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯಿತು. ವಿಶ್ವೇಶ್ವರಯ್ಯ ನಾಲೆ ಇದೆ ನಿಜ, ಆದರೆ ಕೊನೆಯ ಭಾಗದ ಮಳವಳ್ಳಿಗೆ ನೀರು ಯಾವಾಗ ಬರುತ್ತದೆ ಎಂಬುದು ಕನ್ನಂಬಾಡಿ ಕಟ್ಟೆಯ ಮಟ್ಟಕ್ಕೆ ಬಿಟ್ಟ ಮಾತು. 2023ರ ಬರ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಾಯಕ್ಕಿಳಿಯುವವರು ಮೊದಲ ಬೆಳೆ ಹಾಕುವ ಮುನ್ನ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದ ಮೆಟ್ಟಿಲು ಹತ್ತಲಿ. ಮೊದಲ ವರ್ಷ ಲಾಭ ಬಾರದೆಂದು ತಿಳಿದೇ ಮನೆ ಖರ್ಚಿಗೆ ಬೇರೆ ಹಣ ತೆಗೆದಿಡಲಿ.

ತಾಲ್ಲೂಕು ಕಚೇರಿಗಳದ್ದೂ ಜವಾಬ್ದಾರಿಯಿದೆ. ಎರಡು ವಾರದ ರಜೆಯಲ್ಲಿ ಬಂದವನನ್ನು 'ನಾಳೆ ಬನ್ನಿ' ಎಂದು ಮೂರು ಸಲ ಕಳಿಸಿದರೆ ಅವನ ರಜೆ ಮುಗಿಯುತ್ತದೆ, ಖಾತೆ ತಾತನ ಹೆಸರಲ್ಲೇ ಉಳಿಯುತ್ತದೆ. ಹೊರಗಿರುವವರ ಪೌತಿ ಖಾತೆ ಅರ್ಜಿಗಳಿಗೆ ತಿಂಗಳಿಗೊಂದು ದಿನ ಗೊತ್ತುಮಾಡಲು ಮಂಡ್ಯ, ಮದ್ದೂರು, ಮಳವಳ್ಳಿಯ ತಹಸೀಲ್ದಾರರು ಮನಸ್ಸು ಮಾಡುವರೇ?

ಬರುವವರಿಗೆ ಹೇಳಬೇಕಾದ್ದು ಇಷ್ಟೇ. ಟಿಕೆಟ್ ತೆಗೆಯುವ ಮುನ್ನ ತಮ್ಮನಿಗೊಂದು ಫೋನು ಮಾಡಿ. ಪಾಲಿನ ಮಾತು ಬೇಡ, ಈ ಸಲ ಬೆಳೆ ಹೇಗಿದೆ, ಅವ್ವನ ಮಂಡಿ ನೋವು ಹೇಗಿದೆ ಎಂದು ಕೇಳಿ. ಪಾಲುಪಟ್ಟಿ ಆಮೇಲೆ ತಾನಾಗಿ ಬರೆಯಬಹುದು.