ಒಂದು ದಿನ, ಎರಡು ಪಾರ್ಕ್: ಇಮ್ಯಾಜಿಕಾಗೆ ಹೋಗೋ ಮುಂಚೆ ಒಂದು ಸಣ್ಣ ಲೆಕ್ಕ

ಪುಣೆ, ಮುಂಬೈ ಕಡೆ ಕೆಲಸ ಮಾಡೋ ನಮ್ಮವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ, ಮಕ್ಕಳಿಗೂ ರಜೆ ಇದ್ದರೆ, ಒಂದು ಮಾತು ಬಂದೇ ಬರುತ್ತೆ: "ಇಮ್ಯಾಜಿಕಾಗೆ ಹೋಗೋಣ್ವಾ? ಪಕ್ಕದಲ್ಲೇ ವಾಟರ್ ಪಾರ್ಕೂ ಇದೆ. ಒಂದೇ ದಿನದಲ್ಲಿ ಎರಡೂ ಮುಗಿಸಿಬಿಡೋಣ."

ಆಗುತ್ತಾ? ಆಗುತ್ತೆ. ಆದರೆ ನಾನು ಮೊದಲ ಸಲ ಮಾಡಿದ ಹಾಗಲ್ಲ. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ಜಾಗದ ಪರಿಚಯ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಖಂಡಾಲಾ ಘಾಟಿನ ಕೆಳಗೆ ಖೋಪೋಲಿ ಬರುತ್ತೆ. ಅಲ್ಲಿಂದ ಪಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಇಮ್ಯಾಜಿಕಾ. ಥೀಮ್ ಪಾರ್ಕ್ ಶುರುವಾಗಿದ್ದು 2013ರಲ್ಲಿ, ಪಕ್ಕದ ವಾಟರ್ ಪಾರ್ಕ್ 2014ರಲ್ಲಿ. ನಾವು ಬೆಂಗಳೂರಿನ ವಂಡರ್‌ಲಾ ನೋಡಿ ಬೆಳೆದವರು. ಅಲ್ಲಿ ಒಂದೇ ಗೇಟ್, ಒಳಗೆ ನೀರಿನ ಆಟವೂ ಉಂಟು, ನೆಲದ ಆಟವೂ ಉಂಟು. ಇಲ್ಲಿ ಹಾಗಲ್ಲ. ಎರಡು ಪಾರ್ಕ್, ಎರಡು ಗೇಟ್. ಈ ಒಂದು ವ್ಯತ್ಯಾಸದಿಂದಲೇ ಪ್ಲಾನ್ ಪೂರ್ತಿ ಬದಲಾಗುತ್ತೆ.

ನನ್ನ ಮೊದಲ ಪ್ಲಾನ್

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಶನಿವಾರ. ದಾವಣಗೆರೆಯಿಂದ ಅಪ್ಪಾಜಿ, ಅಮ್ಮ ಬಂದಿದ್ರು. ಅದಕ್ಕೆ ಹಿಂದಿನ ವರ್ಷ ಅಪ್ಪಾಜಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ರು. ನಾನು ಎಂದಿನ ಹಾಗೆ ಎಕ್ಸೆಲ್ ಶೀಟ್ ಮಾಡಿದೆ. ಎರಡೂ ಪಾರ್ಕ್ ಸೇರಿ 22 ರೈಡ್. ಒಂದೊಂದಕ್ಕೆ 20 ನಿಮಿಷ. ಕಾಗದದ ಮೇಲೆ ಎಲ್ಲಾ ಚೆನ್ನಾಗಿತ್ತು.

ಆಗಿದ್ದು 8. ಮಗಳು ಎರಡು ಕಡೆ ಕ್ಯೂ ಕೊನೆವರೆಗೂ ಬಂದು, ಅಳತೆ ಕೋಲಿನ ಹತ್ತಿರ ನಿಂತು, ಎತ್ತರ ಸಾಲದೆ ಅಳುತ್ತಾ ವಾಪಸ್ ಬಂದಳು. ಅಪ್ಪಾಜಿ ನಮ್ಮ ನಾಲ್ಕು ಬ್ಯಾಗ್ ಇಟ್ಕೊಂಡು ಒಂದೇ ಬೆಂಚಿನ ಮೇಲೆ ಹತ್ತಿರ ಹತ್ತಿರ ಐದು ಗಂಟೆ ಕೂತಿದ್ರು. "ಐದೇ ನಿಮಿಷ, ಬಂದ್ವಿ" ಅಂತ ನಾನು ಎಷ್ಟು ಸಲ ಹೇಳಿದ್ನೋ ಲೆಕ್ಕ ಇಲ್ಲ. ರಾತ್ರಿ ಘಾಟ್ ಹತ್ತುವಾಗ, "ಹೇಗಿತ್ತು ಅಪ್ಪಾಜಿ?" ಅಂದೆ. "ಚೆನ್ನಾಗಿತ್ತಪ್ಪ, ನಿಮ್ಮ ಬ್ಯಾಗ್ ಒಂದೂ ಕಳೀಲಿಲ್ಲ" ಅಂದ್ರು. ಅವರು ತಮಾಷೆಗೇ ಹೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ.

ತಪ್ಪು ಪಾರ್ಕಿನದ್ದಲ್ಲ, ನನ್ನ ಶೀಟ್‌ನದ್ದು. ಎರಡು ಕಡೆ ಎಡವಿದ್ದೆ: ಸಮಯದ ಲೆಕ್ಕ ಮತ್ತು ಯಾವುದನ್ನು ಎಣಿಸಬೇಕು ಅನ್ನೋದು.

ಸಮಯ ಎಲ್ಲಿ ಹೋಗುತ್ತೆ?

ಬೆಳಿಗ್ಗೆ ಹತ್ತೂವರೆಗೆ ಒಳಗೆ ಹೋಗಿ ಸಂಜೆ ಏಳೂವರೆಗೆ ಹೊರಗೆ ಬರ್ತೀವಿ ಅಂದ್ಕೊಳ್ಳಿ. 540 ನಿಮಿಷ. ಇದರಲ್ಲಿ ಟಿಕೆಟ್ ತೋರಿಸಿ, ತಪಾಸಣೆ ಮುಗಿಸಿ, ಲಾಕರ್ ಹಿಡಿಯೋಕೆ 30. ವಾಟರ್ ಪಾರ್ಕಿಗೆ ಬಟ್ಟೆ ಬದಲಿಸೋದು, ಆಮೇಲೆ ಒಣಗಿಸಿಕೊಂಡು ಮತ್ತೆ ಬದಲಿಸೋದು, ಒಂದು ಕುಟುಂಬಕ್ಕೆ 60. ಊಟಕ್ಕೆ 45. ಓಡಾಟಕ್ಕೆ 45. ಟಾಯ್ಲೆಟ್, ಚಹಾ, "ಅಪ್ಪಾ ಐಸ್‌ಕ್ರೀಂ" ಎಲ್ಲಾ ಸೇರಿ 30. ಒಟ್ಟು 210 ಹೋಯ್ತು. ಉಳಿದಿದ್ದು 330.

ಸುಮಾರಾಗಿ ಜನ ಇರೋ ದಿನ ಒಂದು ರೈಡಿಗೆ ಕ್ಯೂ 30 ನಿಮಿಷ, ಆಟ 5 ನಿಮಿಷ ಅಂತ ಇಟ್ಟುಕೊಂಡರೆ, 330ಕ್ಕೆ 35 ಭಾಗಿಸಿ. ಒಂಬತ್ತು! ಎರಡು ಪಾರ್ಕ್ ಸೇರಿ ಒಂಬತ್ತು. 22 ಅಲ್ಲ. ಈ ಸಂಖ್ಯೆ ಮನೆಯಲ್ಲೇ ಗೊತ್ತಿದ್ದರೆ ಅಲ್ಲಿ ಹೋಗಿ ಜಗಳ ಆಡೋದು ತಪ್ಪುತ್ತೆ.

ಕ್ಯೂ ಎಷ್ಟು ಹೊತ್ತು? ನಿಂತಲ್ಲೇ ಲೆಕ್ಕ ಹಾಕಿ

ಎಂಟೆಕ್‌ನಲ್ಲಿ ಕ್ಯೂಯಿಂಗ್ ಥಿಯರಿ ಓದುವಾಗ ಲಿಟಲ್ಸ್ ಲಾ ಅಂತ ಒಂದು ಬರುತ್ತೆ. ಜಾನ್ ಲಿಟಲ್ ಅನ್ನೋರು 1961ರಲ್ಲಿ ಇದಕ್ಕೆ ಸಾಧನೆ ಕೊಟ್ಟರು. ನಮ್ಮ ಸರ್ವರ್‌ಗಳ ಲೆಕ್ಕಕ್ಕೂ ಅದೇ, ರೋಲರ್ ಕೋಸ್ಟರ್ ಕ್ಯೂಗೂ ಅದೇ. ಸರಳವಾಗಿ ಹೇಳೋದಾದರೆ: ಮುಂದೆ ಎಷ್ಟು ಜನ ಇದ್ದಾರೋ ಅದನ್ನು, ಗಂಟೆಗೆ ಎಷ್ಟು ಜನ ಹತ್ತುತ್ತಾರೋ ಅದರಿಂದ ಭಾಗಿಸಿ. ಅಷ್ಟೇ ಕಾಯಬೇಕು.

ಉದಾಹರಣೆ: ಗಾಡಿಯಲ್ಲಿ 24 ಸೀಟು, ಮೂರು ನಿಮಿಷಕ್ಕೊಮ್ಮೆ ಹೊರಡುತ್ತೆ. ಗಂಟೆಗೆ 480 ಜನ. ನಿಮ್ಮ ಮುಂದೆ 240 ಜನ ಇದ್ದರೆ ಅರ್ಧ ಗಂಟೆ. ಅದೇ ಗಾಡಿ ನಾಲ್ಕು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 360, ಕಾಯೋದು 40 ನಿಮಿಷ. ಹಾಗಾಗಿ ಕ್ಯೂ ಉದ್ದ ನೋಡಿ ಹೆದರಬೇಡಿ, ಚಿಕ್ಕದಾಗಿದೆ ಅಂತ ಓಡಲೂ ಬೇಡಿ. ಎರಡು ಗಾಡಿ ಹೊರಡೋ ನಡುವೆ ಎಷ್ಟು ನಿಮಿಷ ಅಂತ ವಾಚ್ ನೋಡಿ. ಒಂದು ಸಲಕ್ಕೆ ಕಡಿಮೆ ಜನ ಹತ್ತೋ ರೈಡ್‌ಗಳಲ್ಲಿ ಗಿಡ್ಡ ಕ್ಯೂ ಕೂಡ ಬಹಳ ಹೊತ್ತು ತಿನ್ನುತ್ತೆ.

ಮೊದಲು ನೀರು, ಆಮೇಲೆ ನೆಲ

ಯಾವ ಪಾರ್ಕ್ ಮೊದಲು? ನನ್ನ ನಿಯಮ ಒಂದೇ: ದಿನಕ್ಕೆ ಒಂದೇ ಸಲ ಒದ್ದೆಯಾಗಬೇಕು. ಬೆಳಿಗ್ಗೆ ಕೋಸ್ಟರ್, ಮಧ್ಯಾಹ್ನ ನೀರು, ಸಂಜೆ ಮತ್ತೆ ಕೋಸ್ಟರ್ ಅನ್ನೋದು ಕೇಳೋಕೆ ಚೆಂದ, ಆದರೆ ಗೇಟ್ ದಾಟೋದರಲ್ಲೇ ದಿನ ಮುಗಿಯುತ್ತೆ. ವಾಟರ್ ಪಾರ್ಕ್ ಬೇಗ ಮುಚ್ಚುತ್ತೆ, ಥೀಮ್ ಪಾರ್ಕ್ ಅದಕ್ಕಿಂತ ತಡವಾಗಿ ಮುಚ್ಚುತ್ತೆ. ಸಂಜೆ ಕೋಸ್ಟರ್ ಕ್ಯೂಗಳೂ ಸಣ್ಣದಾಗುತ್ತಾ ಬರ್ತವೆ. ಆದ್ದರಿಂದ ಬೆಳಿಗ್ಗೆ ನೀರು, ಎರಡು ಗಂಟೆಗೆ ಊಟ, ಆಮೇಲೆ ಥೀಮ್ ಪಾರ್ಕ್. ಒಂದು ಎಚ್ಚರಿಕೆ: ನೀರಲ್ಲಿ ಆಡಿದ ಮಕ್ಕಳು ಮೂರು ಗಂಟೆಗೆ ನಿದ್ದೆಗೆ ಬೀಳ್ತಾರೆ. ಆ ಹೊತ್ತಿಗೆ ಕೂತು ನೋಡೋ ಶೋ ಒಂದನ್ನು ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಎರಡು ಪಾರ್ಕಿನ ಆಸೆ ಬಿಡಿ. ಖೋಪೋಲಿ ಇರೋದು ಘಾಟಿನ ಬುಡದಲ್ಲಿ, ಮಳೆ ಜೋರು. ಗುಡುಗು ಮಿಂಚು ಬಂದರೆ ಹೊರಗಿನ ರೈಡ್ ನಿಲ್ಲಿಸ್ತಾರೆ, ನಿಲ್ಲಿಸಲೇಬೇಕು.

ಹೊರಡೋ ಮುಂಚೆ ಮನೆಯಲ್ಲಿ

ಮಕ್ಕಳ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ, ಶೂ ಇಲ್ಲದೆ. ರೈಡ್‌ಗೆ ಬಿಡೋದು ಹೆಚ್ಚಾಗಿ ಎತ್ತರ ನೋಡಿ, ವಯಸ್ಸಲ್ಲ. ಪಾರ್ಕಿನ ಸೈಟ್‌ನಲ್ಲಿ ರೈಡ್‌ವಾರು ಎತ್ತರ ನೋಡಿ, ಆಗದ ರೈಡ್‌ನ ಹೆಸರನ್ನೇ ಮಗುವಿನ ಮುಂದೆ ಎತ್ತಬೇಡಿ.

ಹಾರ್ಟ್, ಬಿಪಿ, ಬೆನ್ನುನೋವು ಇರೋರು, ಗರ್ಭಿಣಿಯರು ಹತ್ತಬಾರದ ರೈಡ್ ಯಾವುದು ಅಂತ ಪ್ರತಿ ರೈಡ್ ಮುಂದೆ ಬೋರ್ಡ್ ಇರುತ್ತೆ. ನೈಟ್ರೋ ಥರದ ದೊಡ್ಡ ಕೋಸ್ಟರ್ ಅಷ್ಟೇ ಅಲ್ಲ, ಪರದೆ ಮುಂದೆ ಕುರ್ಚಿ ಕುಲುಕುವ ರೈಡ್‌ಗಳೂ ಅದರಲ್ಲಿ ಸೇರ್ತವೆ. ಸಂಶಯ ಇದ್ದರೆ ಡಾಕ್ಟರನ್ನು ಕೇಳಿ, "ಒಂದ್ಸಲ ಏನಾಗಲ್ಲ ಬನ್ನಿ" ಅಂತ ಹಿರಿಯರನ್ನು ಎಳೀಬೇಡಿ.

ವಾಟರ್ ಪಾರ್ಕಿಗೆ ನೈಲಾನ್ ಬಟ್ಟೆ ಬೇಕು, ಕಾಟನ್ ಬಿಡೋದಿಲ್ಲ. ಅಮ್ಮಂದಿರಿಗೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಗೇಟಲ್ಲಿ ಮುಜುಗರ. ಎರಡೂ ಪಾರ್ಕಿಗೆ ಒಂದೇ ದಿನದ ಟಿಕೆಟ್ ಇದೆಯಾ, ಹೊರಗೆ ಹೋದರೆ ಮತ್ತೆ ಒಳಗೆ ಬಿಡ್ತಾರಾ, ಬುಕ್ ಮಾಡುವಾಗಲೇ ಓದಿಕೊಳ್ಳಿ. ಕ್ಯೂ ತಪ್ಪಿಸೋ ಎಕ್ಸ್‌ಪ್ರೆಸ್ ಪಾಸ್ ವಾರದ ನಡುವೆ ದುಡ್ಡು ದಂಡ. ರಜೆ ದಿನ ಆದರೆ ಮೇಲಿನ ಲೆಕ್ಕ ಹಾಕಿ ನೋಡಿ.

ಎರಡನೇ ಪ್ಲಾನ್

ಈ ವರ್ಷ ಫೆಬ್ರವರಿಯಲ್ಲಿ ಮತ್ತೆ ಅಪ್ಪಾಜಿ, ಅಮ್ಮ ಬಂದ್ರು. ಮಂಗಳವಾರ ರಜೆ ಹಾಕಿದೆ, ಮಗಳ ಸ್ಕೂಲಿಗೂ ರಜೆ ಹಾಕಿಸಿದೆ. ಶೀಟ್ ಮತ್ತೆ ಮಾಡಿದೆ, ಆದರೆ ಈ ಸಲ ರೈಡ್ ಎಣಿಸಲಿಲ್ಲ. ಐದೂ ಜನ ಒಟ್ಟಿಗೆ ಇರೋ ಗಂಟೆ ಎಣಿಸಿದೆ. ಎಲ್ಲರೂ ಸೇರಿ ಮಾಡಬಹುದಾದ್ದು ಮೊದಲು, ಬೇರೆ ಆಗಬೇಕಾದ್ದು ಆಮೇಲೆ. ಬೇರೆ ಆದರೂ ಒಂದು ಸಲಕ್ಕೆ ಒಂದೇ ರೈಡ್, ಬ್ಯಾಗ್ ಲಾಕರ್‌ನಲ್ಲಿ.

ಬೆಳಿಗ್ಗೆ ವೇವ್ ಪೂಲ್ ಅಂಚಲ್ಲಿ ಅಪ್ಪಾಜಿ ಮೊಣಕಾಲುದ್ದ ನೀರಲ್ಲಿ ನಿಂತ್ರು. ಮಗಳು ಅವರ ಕೈ ಹಿಡ್ಕೊಂಡು ಪ್ರತಿ ಅಲೆಗೂ ಕಿರುಚಿದಳು. ನಾನು, ನನ್ನ ಹೆಂಡತಿ ಎರಡು ದೊಡ್ಡ ಸ್ಲೈಡ್ ಮಾಡಿ ಬಂದ್ವಿ. ಮಧ್ಯಾಹ್ನ ಅಲಿಬಾಬಾ ಔರ್ ಚಾಲೀಸ್ ಚೋರ್. ಗಾಡಿಯಲ್ಲಿ ಕೂತು ಗನ್ ಹಿಡಿದು ಗುರಿ ಹೊಡೆಯೋ ಆಟ, ಪಾಯಿಂಟ್ ಬರುತ್ತೆ. ಬೋರ್ಡ್ ಓದಿ, ಅಲ್ಲಿದ್ದ ಹುಡುಗನನ್ನೂ ಕೇಳಿ ಅಪ್ಪಾಜಿಯನ್ನು ಹತ್ತಿಸಿದೆ. ನನಗಿಂತ ಅವರಿಗೇ ಪಾಯಿಂಟ್ ಜಾಸ್ತಿ. ಮೂರು ಗಂಟೆಗೆ ಮಗಳು ಶೋ ನೋಡ್ತಾ ಅಮ್ಮನ ತೊಡೆ ಮೇಲೆ ನಿದ್ದೆ ಹೋದಳು, ಆಗ ನಾನೊಬ್ಬನೇ ಹೋಗಿ ನೈಟ್ರೋ ಮಾಡಿ ಬಂದೆ. ಸಂಜೆ ಪರೇಡ್ ಎಲ್ಲರೂ ನಿಂತು ನೋಡಿದ್ವಿ.

ನನ್ನ ಲೆಕ್ಕಕ್ಕೆ ಆರೇ ರೈಡ್. ಹೋದ ಸಲಕ್ಕಿಂತ ಎರಡು ಕಡಿಮೆ. ಐದೂ ಜನ ಒಟ್ಟಿಗೆ ಇದ್ದಿದ್ದು ಸುಮಾರು ಏಳು ಗಂಟೆ.

ನಾವು ಊರು ಬಿಟ್ಟು ಬಂದವರು. ವರ್ಷಕ್ಕೆ ಎರಡು ಸಲ ಅಪ್ಪ ಅಮ್ಮ ಬರ್ತಾರೆ, ಅದರಲ್ಲಿ ಒಂದು ದಿನ ಎಲ್ಲರೂ ಹೊರಗೆ ಹೋಗ್ತೀವಿ. ಎರಡೂ ಪಾರ್ಕ್ ನೋಡಿ, ಖಂಡಿತ ನೋಡಿ. ಆದರೆ ಶೀಟ್‌ನ ಮೊದಲ ಕಾಲಂನಲ್ಲಿ ರೈಡ್ ಹೆಸರು ಬರೀಬೇಡಿ, ಜೊತೆಗೆ ಬರೋರ ಹೆಸರು ಬರೀರಿ. ಉಳಿದ ಪ್ಲಾನ್ ತಾನಾಗೇ ಸರಿಹೋಗುತ್ತೆ.

ಅಂದ ಹಾಗೆ, ಅಪ್ಪಾಜಿ ದಾವಣಗೆರೆಗೆ ಹೋದ ಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು: "ಆ ಗನ್ ಆಟದಲ್ಲಿ ನನಗೆಷ್ಟು ಬಂದಿತ್ತಪ್ಪ, ಇಲ್ಲಿ ಹೇಳಿದ್ರೆ ಯಾರೂ ನಂಬ್ತಿಲ್ಲ."

ಮುಂದಿನ ಮಾತುಕತೆಯಲ್ಲಿ ಸಿಗೋಣ.