ಸಾಹಸಕ್ಕೆ ಬಂಡವಾಳ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಯು ಮೆಣಸಿನಕಾಯಿಯ ರಾಶಿಗಳಿಂದ ಕೆಂಪೇರುತ್ತದೆ. ವರ್ತಕರು ಕಾಯಿಯನ್ನು ಕೈಗೆತ್ತಿಕೊಂಡು, ಅದರ ಬಣ್ಣ, ಸುಕ್ಕು, ತೇವಗಳನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತಾರೆ. ಕಣ್ಣೆದುರಿಗಿರುವ ಸರಕಿಗೆ ಬೆಲೆ ಕಟ್ಟುವುದು ಅನುಭವಿಗಳಿಗೆ ಕಷ್ಟವಲ್ಲ. ಆದರೆ ಈ ಕಾಯಿಯ ಬಣ್ಣವನ್ನು ಹೊಸ ವಿಧಾನದಿಂದ ಬೇರ್ಪಡಿಸುವ ಯಂತ್ರವೊಂದನ್ನು ತರುಣನೊಬ್ಬನು ಕಲ್ಪಿಸಿಕೊಂಡಿದ್ದಾನೆ ಎನ್ನೋಣ. ಯಂತ್ರ ಇನ್ನೂ ಸಿದ್ಧವಾಗಿಲ್ಲ, ಗಿರಾಕಿಗಳೂ ಇಲ್ಲ. ಅವನ ಆಲೋಚನೆಯನ್ನು ನಂಬಿ ಹಣ ಹೂಡುವವರು ಯಾರು?

ಬ್ಯಾಂಕುಗಳು ಸಾಮಾನ್ಯವಾಗಿ ಸಾಲಕ್ಕೆ ಆಧಾರವನ್ನು ಕೇಳುತ್ತವೆ. ಉದ್ಯಮವು ಲಾಭ ಗಳಿಸಲಿ, ಗಳಿಸದಿರಲಿ, ಕಂತು ಮತ್ತು ಬಡ್ಡಿಯನ್ನು ಸಲ್ಲಿಸಲೇಬೇಕು. ಮಳೆ ಕೈಕೊಟ್ಟ ವರ್ಷವೂ ಸಾಲವು ಬೆಳೆಯುತ್ತಲೇ ಇರುವುದನ್ನು ರೈತನ ಮಕ್ಕಳಿಗೆ ಹೇಳಬೇಕಾಗಿಲ್ಲ. ಪರೀಕ್ಷೆಗೊಳಗಾಗದ ಹೊಸ ಉದ್ಯಮಕ್ಕೆ ಇಂಥ ಹೊರೆ ಸಲ್ಲದು. ಅದಕ್ಕೆ ಒದಗುವ ಮತ್ತೊಂದು ಬಗೆಯ ಹಣವೇ ಸಾಹಸ ಬಂಡವಾಳ.

ಇಲ್ಲಿ ಹಣ ಹೂಡುವವನು ಬಡ್ಡಿಯನ್ನು ಬಯಸದೆ, ಉದ್ಯಮದಲ್ಲಿ ಪಾಲನ್ನು ಪಡೆಯುತ್ತಾನೆ. ಉದ್ಯಮವು ಮುಳುಗಿದರೆ ಅವನ ಹಣವೂ ಮುಳುಗುತ್ತದೆ. ಅದು ಬೆಳೆದರೆ ಅವನ ಪಾಲೂ ಬೆಳೆಯುತ್ತದೆ. ಒಬ್ಬನು ಹತ್ತು ಉದ್ಯಮಗಳಲ್ಲಿ ತಲಾ ಒಂದು ಲಕ್ಷ ರೂಪಾಯಿ ತೊಡಗಿಸಿದನೆನ್ನೋಣ. ಆರು ನಾಶವಾಗಿ, ಮೂರು ಹಾಕಿದ ಹಣವನ್ನಷ್ಟೇ ಮರಳಿಸಿ, ಒಂದು ಇಪ್ಪತ್ತು ಪಟ್ಟು ಬೆಳೆದರೂ, ಅವನ ಹತ್ತು ಲಕ್ಷವು ಇಪ್ಪತ್ತಮೂರು ಲಕ್ಷವಾಗುತ್ತದೆ. ಆದುದರಿಂದಲೇ ಅವನು ಬಹು ದೊಡ್ಡದಾಗಿ ಬೆಳೆಯಬಲ್ಲ ಉದ್ಯಮಗಳನ್ನೇ ಅರಸುತ್ತಾನೆ.

ಅಮೆರಿಕದಲ್ಲಿ 1946ರಲ್ಲಿ ಈ ಉದ್ದೇಶಕ್ಕಾಗಿಯೇ ಒಂದು ಸಂಸ್ಥೆಯು ಹುಟ್ಟಿತು. ಅದು 1957ರಲ್ಲಿ ಡಿಜಿಟಲ್ ಎಂಬ ಗಣಕಯಂತ್ರ ಸಂಸ್ಥೆಯಲ್ಲಿ 70,000 ಡಾಲರುಗಳನ್ನು ತೊಡಗಿಸಿ ಅಪಾರ ಲಾಭ ಗಳಿಸಿತು. ಬೆಂಗಳೂರಿನಲ್ಲಿ 1978ರಲ್ಲಿ ಕಿರಣ್ ಮಜುಂದಾರ್ ಅವರು ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ, ಆ ಹೊಸ ವಿದ್ಯೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಮುಂದೆ ಐ.ಸಿ.ಐ.ಸಿ.ಐ. ಸಂಸ್ಥೆಯ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ಅದಕ್ಕೆ ಸಾಹಸ ಬಂಡವಾಳ ಒದಗಿತು.

ಎಷ್ಟೋ ಉದ್ಯಮಗಳಿಗೆ ಮೊದಲ ಹಣ ಮನೆಯಿಂದಲೇ ಬರುತ್ತದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ ಜನಿಸಿದ ಸುಧಾ ಮೂರ್ತಿಯವರು 1981ರಲ್ಲಿ ತಮ್ಮ ಉಳಿತಾಯದ ಹತ್ತು ಸಾವಿರ ರೂಪಾಯಿಗಳನ್ನು ಪತಿ ನಾರಾಯಣ ಮೂರ್ತಿಯವರಿಗೆ ಕೊಟ್ಟರು. ಏಳು ಮಂದಿ ಸ್ಥಾಪಕರ ಇನ್ಫೋಸಿಸ್ ಸಂಸ್ಥೆಯು ಹೀಗೆ ಆರಂಭವಾಯಿತು. 1993ರಲ್ಲಿ ಅದು ತನ್ನ ಷೇರುಗಳನ್ನು ತಲಾ 95 ರೂಪಾಯಿಗಳಂತೆ ಸಾರ್ವಜನಿಕರ ಮುಂದಿಟ್ಟಾಗಲೂ ಕೊಳ್ಳಲು ಜನ ಮುಗಿಬೀಳಲಿಲ್ಲ. ಮುಂಬರುವ ಮೌಲ್ಯವನ್ನು ಮುಂಚಿತವಾಗಿ ಕಾಣುವುದು ಅಷ್ಟು ಕಠಿಣ.

ಹಾಗಾದರೆ ಹೂಡಿಕೆದಾರನು ತಕ್ಕ ಉದ್ಯಮವನ್ನು ಹೇಗೆ ಗುರುತಿಸುತ್ತಾನೆ? ಪರಿಚಿತರ ಶಿಫಾರಸು, ವಿದ್ಯಾಲಯಗಳ ಪ್ರಯೋಗಾಲಯ, ಉದ್ಯಮಿಗಳ ಸಮ್ಮೇಳನ, ಸ್ಪರ್ಧೆಗಳು – ಇವು ಅವನ ಹುಡುಕಾಟದ ದಾರಿಗಳು. ಬಂದ ಪ್ರಸ್ತಾಪಗಳಲ್ಲಿ ಬಹುಪಾಲು ತಿರಸ್ಕೃತವಾಗುತ್ತವೆ. ಉಳಿದವುಗಳಲ್ಲಿ ಸ್ಥಾಪಕರ ಯೋಗ್ಯತೆ, ಸರಕಿಗಿರುವ ಬೇಡಿಕೆ, ಲೆಕ್ಕಪತ್ರಗಳ ಶುದ್ಧತೆ ಇವುಗಳನ್ನು ಅವನು ಒರೆಗೆ ಹಚ್ಚುತ್ತಾನೆ. ಆದ್ದರಿಂದ ಉದ್ಯಮಿಯು ಬರಿಯ ಮಾತನ್ನು ನೆಚ್ಚದೆ, ಸಣ್ಣದೊಂದು ಮಾದರಿಯನ್ನಾದರೂ ನಿರ್ಮಿಸಿ, ಕೆಲವರು ಗಿರಾಕಿಗಳನ್ನಾದರೂ ಸಂಪಾದಿಸಿ ತೋರಿಸಬೇಕು.

ಈ ಹಣಕ್ಕೂ ಬೆಲೆಯುಂಟು. ಇಪ್ಪತ್ತು ಲಕ್ಷ ರೂಪಾಯಿಗಾಗಿ ಐದನೆಯ ಒಂದು ಪಾಲನ್ನು ಕೊಟ್ಟವನು, ಉದ್ಯಮದ ಒಟ್ಟು ಮೌಲ್ಯ ಒಂದು ಕೋಟಿಯೆಂದು ಒಪ್ಪಿದಂತಾಯಿತು. ಅಂದಿನಿಂದ ಮುಖ್ಯ ನಿರ್ಧಾರಗಳಲ್ಲಿ ಪಾಲುದಾರನ ಮಾತಿಗೂ ಮನ್ನಣೆ ಸಲ್ಲಬೇಕು. ಬೇಗ ಬೆಳೆಯಬೇಕೆಂಬ ಒತ್ತಡವನ್ನೂ ತಾಳಬೇಕು. ನಿಧಾನವಾಗಿ, ನೆಮ್ಮದಿಯಾಗಿ ನಡೆಯುವ ಎಣ್ಣೆಗಿರಣಿಗಾಗಲಿ ರೊಟ್ಟಿ ತಯಾರಿಕೆಗಾಗಲಿ ಸಾಲ ಅಥವಾ ಸಹಕಾರ ಸಂಘವೇ ಹೆಚ್ಚು ಹಿತ.

ಸಾಹಸ ಬಂಡವಾಳವು ಮಹಾನಗರಗಳಲ್ಲಿ ಕೇಂದ್ರೀಕೃತವಾಗಿದೆ. ಪರಿಚಯವೇ ದಾರಿಯಾದಲ್ಲಿ, ಪರಿಚಯವಿಲ್ಲದ ಊರಿನ ಪ್ರತಿಭೆಯು ಹೊರಗುಳಿಯುವ ಅಪಾಯವಿದೆ. ಕರ್ನಾಟಕ ಸರ್ಕಾರವು 2017ರಲ್ಲಿ ಆರಂಭಿಸಿದ 'ಎಲಿವೇಟ್' ಸ್ಪರ್ಧೆಯು ಆಯ್ದ ನವೋದ್ಯಮಗಳಿಗೆ ಪಾಲು ಕೇಳದೆ ಸಹಾಯಧನ ನೀಡುವುದು ಈ ಕೊರತೆಯನ್ನು ತುಂಬುವ ಒಂದು ಯತ್ನ. ಬೀಜವು ಎಷ್ಟೇ ಉತ್ತಮವಾಗಿದ್ದರೂ ಹದವಾದ ನೆಲ ಬೇಕೆಂಬುದನ್ನು ರಾಣೆಬೆನ್ನೂರಿನ ರೈತರು ಬಲ್ಲರು. ಪ್ರತಿಭೆಗೂ ಬಂಡವಾಳಕ್ಕೂ ಇರುವ ಸಂಬಂಧವು ಅಂಥದೇ. ಆ ಹದವು ಎಲ್ಲ ಊರುಗಳಿಗೂ ದೊರೆತಾಗಲೇ ನಾಡಿನ ಸಂಪತ್ತು ನಿಜವಾಗಿ ಹೆಚ್ಚುವುದು.