ದಾದಿಯ ಪರೀಕ್ಷೆಯೂ ರೋಗದ ನಡೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆಯಿಂದ ದಾದಿಯರ ಶಿಕ್ಷಣಕ್ಕೆಂದು ದೊಡ್ಡ ಊರುಗಳಿಗೆ ಹೋಗತಕ್ಕ ಹೆಣ್ಣುಮಕ್ಕಳು ಈಗ ಅನೇಕರು. ರಜೆಗೆ ಮನೆಗೆ ಬಂದಾಗ ಅವರ ಕೈಚೀಲದಲ್ಲಿ ಒಂದು ದಪ್ಪ ಗ್ರಂಥವಿದ್ದೇ ಇರುವುದು. ಅದರ ಹೆಸರನ್ನು ಉಚ್ಚರಿಸಲು ಮನೆಯ ಹಿರಿಯರಿಗೆ ನಾಲಗೆ ಹೊರಳದು: ಪ್ಯಾಥೋಫಿಸಿಯಾಲಜಿ. ಆರೋಗ್ಯದಲ್ಲಿ ಶರೀರದ ನಡೆ ಹೇಗೆಂಬುದನ್ನು ಬೇರೊಂದು ಶಾಸ್ತ್ರವು ಹೇಳಿದರೆ, ಆ ನಡೆ ರೋಗದಲ್ಲಿ ಎಲ್ಲಿ ತಪ್ಪಿತು, ತಪ್ಪಿದ ಮೇಲೆ ಏನೇನಾಯಿತು ಎಂಬುದನ್ನು ಹೇಳುವುದು ಇದು. ನಾವು ಕಂಡ ಹುಡುಗಿಯರು ಹೆಚ್ಚಾಗಿ ಅಂಜುವುದು ಇದಕ್ಕೇ.

ಅಂಜಿಕೆಗೆ ಕಾರಣವಿಲ್ಲದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು ಒಮ್ಮೆಲೇ ಇಂಗ್ಲಿಷಿನ ಉದ್ದುದ್ದ ಶಬ್ದಗಳ ನಡುವೆ ಬೀಳುತ್ತಾಳೆ. ಭಾರತೀಯ ಶುಶ್ರೂಷಾ ಪರಿಷತ್ತಿನ 2021ರ ಪಠ್ಯಕ್ರಮದ ಮೇರೆಗೆ ಬಿ.ಎಸ್‌ಸಿ. ನರ್ಸಿಂಗಿನ ಮೂರನೆಯ ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ರೋಗಶಾಸ್ತ್ರವೂ ಔಷಧಶಾಸ್ತ್ರವೂ ಜೊತೆಯಾಗಿಯೇ ಬರುತ್ತವೆ; ತೇರ್ಗಡೆಗೆ ನೂರಕ್ಕೆ 50 ಅಂಕ ಬೇಕು. ಹುಡುಗಿಯು ಉರುಹೊಡೆಯಲು ತೊಡಗುತ್ತಾಳೆ. ಉರುಹೊಡೆದದ್ದರಲ್ಲಿ ನಡುವಿನ ಒಂದು ಸಾಲು ಮರೆತರೆ ಮುಂದಿನದೆಲ್ಲ ಮರೆತಂತೆಯೇ ಸರಿ.

ನಮ್ಮ ಪರಿಚಿತರ ಮನೆಯ ಹುಡುಗಿಯೊಬ್ಬಳು ಹೀಗೆಯೇ ಒಮ್ಮೆ ತೇರ್ಗಡೆಯಾಗದೆ ಊರಿಗೆ ಬಂದಳು. ಶುಲ್ಕಕ್ಕೆಂದು ತಂದೆ ಮಾಡಿದ ಸಾಲವಿನ್ನೂ ತೀರಿರಲಿಲ್ಲ. ಇನ್ನೊಂದು ಸಲ ಕೂಡಲಿ, ಆಗದಿದ್ದರೆ ಓದು ಬಿಡಿಸಿ ಗಂಡು ನೋಡೋಣವೆಂದು ಮನೆಯಲ್ಲಿ ಮಾತಾಗಿತ್ತು. ನಾವು ಅವಳ ಪುಸ್ತಕವನ್ನು ತೆರೆಸಿ, ಇದನ್ನೇ ಕನ್ನಡದಲ್ಲಿ ನಮಗೆ ತಿಳಿಯುವಂತೆ ಹೇಳು ಎಂದು ಕುಳಿತೆವು.

ಮೊದಲು ಬಂದದ್ದು ಇನ್‌ಫ್ಲಮೇಶನ್. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬಾತನು ಇದರ ನಾಲ್ಕು ಲಕ್ಷಣಗಳನ್ನು ಹೇಳಿರುವನು: ಕೆಂಪು, ಬಾವು, ಬಿಸಿ, ನೋವು. ಹೊಲದಲ್ಲಿ ಜಾಲಿಯ ಮುಳ್ಳು ತುಳಿದವರಿಗೆ ಇವು ನಾಲ್ಕೂ ಗೊತ್ತು. ಏಕೆ ಕೆಂಪು? ಗಾಯದ ಬಳಿಯ ಜೀವಕೋಶಗಳು ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಬಿಟ್ಟು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ರಕ್ತ ಹೆಚ್ಚು ಬರುವುದರಿಂದ ಕೆಂಪು, ಅದರಿಂದಲೇ ಬಿಸಿ. ಹಿಗ್ಗಿದ ನಾಳಗಳ ಗೋಡೆಯಿಂದ ನೀರು ಸೋರಿದರೆ ಬಾವು. ಆ ಬಾವು ನರಗಳನ್ನು ಒತ್ತಿದರೆ ನೋವು. ಆ ದ್ರವ್ಯಗಳೂ ನರಗಳನ್ನು ಕೆಣಕುತ್ತವೆ. ಸೋರಿದ ದಾರಿಯಲ್ಲಿಯೇ ಬಿಳಿಯ ರಕ್ತಕಣಗಳು ಹೊರಬಂದು ಕ್ರಿಮಿಗಳೊಡನೆ ಕಾದಾಡಿ ಸತ್ತು ಕೀವಾಗುತ್ತವೆ. ಒಂದರ ಹಿಂದೆ ಒಂದು. ಇದರಲ್ಲಿ ಮರೆಯಲು ಏನಿದೆ?

ಜ್ವರವೂ ಹಾಗೆಯೇ. ಮೈ ಕೆಂಡದಂತಿರುವಾಗ ರೋಗಿಯು ಚಳಿಯೆಂದು ಕಂಬಳಿ ಕೇಳುವುದೇಕೆಂಬುದು ನಮಗೂ ಬಹುಕಾಲದ ಸಂಶಯವಾಗಿತ್ತು. ಮಿದುಳಿನಲ್ಲಿ ಹೈಪೋಥಲಾಮಸ್ ಎಂಬ ಭಾಗವು ಶರೀರದ ಶಾಖಕ್ಕೆ ಒಂದು ಮಟ್ಟವನ್ನು ಗೊತ್ತುಮಾಡಿರುತ್ತದೆ. ರೋಗಾಣುಗಳು ಹೊಕ್ಕಾಗ ಆ ಮಟ್ಟವು ಮೇಲೇರುವುದು. ಮಟ್ಟವು 102 ಡಿಗ್ರಿಗೆ ಏರಿದ್ದು ಮೈ ಇನ್ನೂ 99ರಲ್ಲಿದ್ದರೆ, ಮಿದುಳಿನ ಲೆಕ್ಕದಲ್ಲಿ ಅದು ಚಳಿಯೇ. ಆಗ ನಡುಕ ಹುಟ್ಟಿ ಶಾಖವನ್ನು ಕೂಡಿಸುವುದು, ಕೈಕಾಲು ತಣ್ಣಗಾಗುವುವು. ಮಟ್ಟ ಇಳಿದಾಗ ಬೆವರು. ಇದನ್ನು ಅರಿತ ದಾದಿಯು ನಡುಗುವವನಿಗೆ ಹೊದಿಸುವಳು, ಬೆವರುವವನ ಹೊದಿಕೆ ತೆಗೆಯುವಳು.

ವಾಂತಿಭೇದಿಗೆ ಉಪ್ಪಿನೊಡನೆ ಸಕ್ಕರೆಯನ್ನೇಕೆ ಕೂಡಿಸಬೇಕು? ಕರುಳಿನಲ್ಲಿ ಉಪ್ಪಿನ ಅಂಶವೂ ಸಕ್ಕರೆಯ ಅಂಶವೂ ಕೈಹಿಡಿದು ಒಂದೇ ಬಾಗಿಲಿನಿಂದ ಒಳಗೆ ಹೋಗುವುವು, ನೀರು ಅವನ್ನು ಹಿಂಬಾಲಿಸುವುದು. 1971ರಲ್ಲಿ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನೋಬಿಸರು ಈ ನೀರಿನಿಂದಲೇ ಅಸಂಖ್ಯ ಜನರನ್ನು ಉಳಿಸಿದರು.

ಇಷ್ಟರಲ್ಲಿ ಅಡಿಗೆಮನೆಯಿಂದ ಅಜ್ಜಿ ಬಂದು ಕುಳಿತರು. “ಯವ್ವಾ, ನಿನ್ನ ಪುಸ್ತಕದಾಗ ನಮ್ಮ ಊರ ನೀರಿನ ಸಂಗತಿ ಐತೇನು? ನಿಮ್ಮಪ್ಪ ಇಲ್ಲೇ ಹುಟ್ಟಿದವ, ಅವನ ಹಲ್ಲು ಕಂದುಬಣ್ಣ. ನಾನು ಮದುವೆಯಾಗಿ ಬಂದಾಕಿ, ನನ್ನ ಹಲ್ಲು ಬೆಳ್ಳಗೇ ಇದ್ದುವು. ಆದರೆ ಬೆನ್ನು ಬಾಗದು. ಒಂದೇ ಬಾವಿಯ ನೀರಲ್ಲೇನು?”

ಪರೀಕ್ಷಕರು ಕೂಡ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕೇಳಲಾರರೆಂದು ನಮಗೆ ತೋರಿತು. ಈ ಸೀಮೆಯ ಅನೇಕ ಬಾವಿಗಳ ನೀರಿನಲ್ಲಿ, ಕೆಳಗಿನ ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಅಧಿಕವಾಗಿರುವುದು ತಿಳಿದ ಸಂಗತಿ. ಭಾರತದಲ್ಲಿ ಈ ವ್ಯಾಧಿಯನ್ನು ವೈದ್ಯರು ಮೊದಲು ವರ್ಣಿಸಿದ್ದು 1937ರಲ್ಲಿ, ಮದ್ರಾಸು ಪ್ರಾಂತದಲ್ಲಿ. 1953ರಲ್ಲಿ ಮೈಸೂರಿಗೆ ಸೇರುವವರೆಗೆ ಈ ಸೀಮೆಯೂ ಅದೇ ಪ್ರಾಂತದಲ್ಲಿತ್ತು. ಲೀಟರಿಗೆ 1.5 ಮಿಲಿಗ್ರಾಮು ಮೀರಕೂಡದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕವನ್ನು ನೋಡದೆಯೇ ಹೇಳಿದಳು: “ಅಜ್ಜಿ, ಹಲ್ಲಿನ ಮೇಲಿನ ಹೊಳಪಿನ ಪದರ ಚಿಕ್ಕಂದಿನಲ್ಲಿಯೇ ಕಟ್ಟಿ ಮುಗಿಯುತ್ತದೆ. ಕಟ್ಟುವಾಗ ಫ್ಲೋರೈಡ್ ಹೆಚ್ಚಾದರೆ ಕಲೆ. ಮುಗಿದ ಮೇಲೆ ಕುಡಿದರೆ ಆ ಕಲೆ ಬರುವುದಿಲ್ಲ. ನೀನು ಬರುವಾಗ ನಿನ್ನ ಹಲ್ಲು ಮುಗಿದಿತ್ತು. ಎಲುಬು ಹಾಗಲ್ಲ, ಸಾಯುವವರೆಗೂ ಸವೆದು ಹೊಸದಾಗುತ್ತಲೇ ಇರುತ್ತದೆ. ವರ್ಷಗಟ್ಟಲೆ ಫ್ಲೋರೈಡ್ ಅದರಲ್ಲಿ ಕೂಡಿ, ಕೀಲಿನ ಕಟ್ಟುಗಳೂ ಸುಣ್ಣಗಟ್ಟಿ ಬೆನ್ನು ಬಿರುಸಾಗುತ್ತದೆ.”

ಬೆನ್ನಿನ ನೋವಿಗೆ ಬೇರೆ ಕಾರಣಗಳೂ ಉಂಟು, ವೈದ್ಯರಿಗೆ ತೋರಿಸದೆ ಹೇಳಲಾಗದೆಂದು ನಾವು ನಡುವೆ ಬಾಯಿ ಹಾಕಿದೆವು. ಅಜ್ಜಿ ಬಿಡಲಿಲ್ಲ. “ಕುದಿಸಿಯೇ ಕುಡೀತೀವಲ್ಲ?”

“ಕುದಿಸಿದರೆ ಕ್ರಿಮಿ ಸಾಯುತ್ತವೆ. ಫ್ಲೋರೈಡ್ ಆವಿಯಾಗದು, ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದೇ ಹೆಚ್ಚು.”

ಈ ಒಂದು ಮಾತು ಕುಡಿಯುವ ನೀರಿನ ಬಾವಿಯುಳ್ಳ ಗೃಹಸ್ಥರೆಲ್ಲರೂ ತಿಳಿದಿರತಕ್ಕದ್ದು. ನೀರನ್ನು ಪರೀಕ್ಷೆ ಮಾಡಿಸದೆ ಕಣ್ಣಿಗಾಗಲಿ ನಾಲಗೆಗಾಗಲಿ ಫ್ಲೋರೈಡ್ ತಿಳಿಯುವುದಿಲ್ಲ. ಆ ಮನೆಯವರು ಮರುವಾರವೇ ಒಂದು ಸೀಸೆ ನೀರನ್ನು ಪರೀಕ್ಷೆಗೆ ಕಳುಹಿಸಿದರು.

ಹುಡುಗಿಯು ರಜೆಯುದ್ದಕ್ಕೂ ದಿನಕ್ಕೊಂದು ವ್ಯಾಧಿಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ, ರಾತ್ರಿ ಅದನ್ನೇ ಇಂಗ್ಲಿಷಿನಲ್ಲಿ ಬರೆದಳು. ಅವಳು ಎರಡನೆಯ ಸಲ ಕುಳಿತ ಪರೀಕ್ಷೆಯಲ್ಲಿ ಫ್ಲೋರೈಡಿನ ಪ್ರಶ್ನೆ ಬರಲೇ ಇಲ್ಲವಂತೆ. ಜ್ವರದ್ದು ಬಂದಿತ್ತು. ಅವಳಿಗೆ 58 ಅಂಕಗಳು ಬಂದುವು.